ಊರಿನ ತೋಟಕ್ಕೊಂದು ಕಳೆ ಸವರುವ ಯಂತ್ರ

ಒಂದು ಕಾಲದಲ್ಲಿ ಊರಿನಿಂದ ಕಾಗದ ಬರುತ್ತಿತ್ತು. ಮೊದಲು ಕ್ಷೇಮ, ಆಮೇಲೆ ಉಭಯ ಕುಶಲೋಪರಿ, ಅದಾದ ಮೇಲೆ ಮಳೆ ಬೆಳೆ, ಹಸು ಕರು ಹಾಕಿದ್ದು, ಯಾರದೋ ಮದುವೆ ಗೊತ್ತಾದದ್ದು. ಎಲ್ಲಕ್ಕೂ ಕೊನೆಯಲ್ಲಿ, ಗೋಂದು ಹಚ್ಚುವ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಹಣದ ವಿಷಯ. ಈಗ ಕಾಗದವಿಲ್ಲ. ಫೋನಿಗೆ ಒಂದು ಚಿತ್ರ ಬರುತ್ತದೆ. ಚಿತ್ರದಲ್ಲಿ ಕೆಂಪು ಬಣ್ಣದ ಒಂದು ಯಂತ್ರ, ಕೆಳಗೆ ಅದರ ಬೆಲೆ, ಅದರ ಕೆಳಗೆ "ಏನಂತೀಯ?" ಎಂಬ ಒಂದೇ ಮಾತು. ಕ್ಷೇಮ ಸಮಾಚಾರವನ್ನು ನಾವೇ ಊಹಿಸಿಕೊಳ್ಳಬೇಕು.

ಈ ಸಲ ಸಂಘದ ಸಭೆ ಮುಗಿದು ಕಾಫಿಯ ಲೋಟ ಹಿಡಿದು ನಿಂತಿದ್ದಾಗ ಮೂವರು ಸದಸ್ಯರು ಮೂರು ಚಿತ್ರಗಳನ್ನು ತೋರಿಸಿದರು. ಒಬ್ಬರದು ತಿಪಟೂರಿನ ಕಡೆ, ಇನ್ನೊಬ್ಬರದು ಅರಸೀಕೆರೆಯ ಕಡೆ, ಮತ್ತೊಬ್ಬರದು ತೀರ್ಥಹಳ್ಳಿ. ಮೂರೂ ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ಹುಲ್ಲು ಪೊದೆ ಸವರುವ ಯಂತ್ರಗಳೇ. ಹಣ ಕಳಿಸಬೇಕೆ, ಬೇಡವೆ? ಕಳಿಸುವುದಾದರೆ ಯಾವುದಕ್ಕೆ? ಅಣ್ಣತಮ್ಮಂದಿರ ನಡುವೆ ಬೇಸರ ಬಾರದಂತೆ ಈ ಮಾತನ್ನು ಹೇಗೆ ಆಡಬೇಕು? ಈ ತ್ರೈಮಾಸಿಕದ ನಮ್ಮ ಪುಟವನ್ನು ಆ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇವೆ.

ಮೇಜಿನ ಮೇಲೆ ಫೈಲು ಉಳುವ ಗುಮಾಸ್ತರಿಗೆ ಟ್ರ್ಯಾಕ್ಟರಿನ ಮಾತೇಕೆ ಎಂದು ತಾವು ಕೇಳಬಹುದು. ಕೇಳತಕ್ಕ ಮಾತೇ. ಆದರೆ ಕೊಟೇಷನ್ನು, ಟೆಂಡರು, ತುಲನಾ ಪಟ್ಟಿಗಳ ಮಧ್ಯೆ ಹನ್ನೆರಡು ವರ್ಷ ಕಳೆದವರಿಗೆ ಒಂದು ಸಾಮಾನನ್ನು ಕೊಳ್ಳುವ ಮೊದಲು ಏನೇನು ಕೇಳಬೇಕೆಂಬುದಾದರೂ ಅಭ್ಯಾಸವಾಗಿರುತ್ತದೆ. ಜೊತೆಗೆ ನಮ್ಮದೂ ಊರಿನಲ್ಲಿ ನಾಲ್ಕೆಕರೆ ತೆಂಗಿನ ತೋಟ ಉಂಟು. ಅದನ್ನು ನೋಡಿಕೊಳ್ಳುವ ಅಣ್ಣನೂ ಉಂಟು.

ಮೊದಲು ಕಳೆಯ ವಿಷಯ. ನಾವು ಊರು ಬಿಟ್ಟಾಗ ತೋಟದಲ್ಲಿ ಗರಿಕೆ, ಕೊನ್ನಾರಿ ಇದ್ದವು. ಕುಂಟೆ ಹೊಡೆದರೆ, ಕುಡುಗೋಲು ಆಡಿಸಿದರೆ ಮುಗಿಯುತ್ತಿತ್ತು. ಈಗ ಮಳೆ ಎರಡು ಹದ ಬಿದ್ದರೆ ಸಾಕು, ಪಾರ್ಥೇನಿಯಂ ಎದೆಯೆತ್ತರ ನಿಲ್ಲುತ್ತದೆ. ಬದುವಿನ ಮೇಲೆ ಲಂಟಾನ. ಪಾರ್ಥೇನಿಯಂಗೆ ನಮ್ಮ ಕಡೆ ಕಾಂಗ್ರೆಸ್ ಗಿಡವೆಂದೇ ಹೆಸರು. ಅಮೆರಿಕ ಖಂಡದಿಂದ ಬಂದ ಈ ಗಿಡ ನಮ್ಮ ದೇಶದಲ್ಲಿ ಸಸ್ಯಶಾಸ್ತ್ರಜ್ಞರ ಗಮನ ಸೆಳೆದದ್ದು ೧೯೫೫ರಲ್ಲಿ, ಇದೇ ಪುಣೆಯಲ್ಲಿ. ನಾವು ಊರಿನಿಂದ ಪುಣೆಗೆ ಬಂದೆವು. ಅದು ಪುಣೆಯಿಂದ ನಮ್ಮ ಊರಿಗೆ ಹೋಯಿತು. ವಿನಿಮಯದಲ್ಲಿ ನಷ್ಟವಾದದ್ದು ಊರಿಗೇ.

ಕಳೆ ಹೆಚ್ಚಿತು, ಕೈ ಕಡಮೆಯಾಯಿತು. ಹಿಂದೆ ತೋಟಕ್ಕಿಳಿಯುತ್ತಿದ್ದ ಎಂಟು ಜನರಲ್ಲಿ ಈಗ ಇಬ್ಬರಿದ್ದಾರೆ. ಉಳಿದ ಆರು ಜನ ಎಲ್ಲಿ ಎಂದು ದೂರ ಹುಡುಕಬೇಕಾಗಿಲ್ಲ. ಬೆಂಗಳೂರಿನಲ್ಲಿದ್ದಾರೆ, ಮುಂಬಯಿಯಲ್ಲಿದ್ದಾರೆ; ಅವರಲ್ಲೊಬ್ಬರು ಈ ಪುಟವನ್ನು ಬರೆಯುತ್ತಿದ್ದಾರೆ. ಹೀಗಿರುವಾಗ ಅಣ್ಣ ಯಂತ್ರ ಬೇಕೆಂದರೆ ಅದನ್ನು ಆಡಂಬರವೆಂದು ತಳ್ಳಿಹಾಕುವ ಅಧಿಕಾರ ನಮಗಿಲ್ಲ. ನಾವು ಬಿಟ್ಟು ಬಂದ ಜಾಗಕ್ಕೇ ಅವನು ಯಂತ್ರವನ್ನು ಕೇಳುತ್ತಿರುವುದು.

ಇನ್ನು ಯಂತ್ರದ ವಿಷಯ. ಟ್ರ್ಯಾಕ್ಟರಿನ ಹಿಂದೆ ತಿರುಗುವ ಅಲಗಿನ ಉಪಕರಣಗಳು ಮುಖ್ಯವಾಗಿ ಮೂರು ಬಗೆ. ಊರಿನಲ್ಲಿ ಮಾತಿನ ಭರದಲ್ಲಿ ಮೂರನ್ನೂ 'ರೋಟರಿ' ಎಂದುಬಿಡುತ್ತಾರೆ; ಆದ್ದರಿಂದ ಚಿತ್ರ ಬಂದ ಕೂಡಲೆ ಯಾವುದೆಂದು ಕೇಳಿ ತಿಳಿಯುವುದು ಮೇಲು.

ಮೊದಲನೆಯದು ರೋಟವೇಟರು. ಅಡ್ಡ ದಂಡಕ್ಕೆ ಬಾಗಿದ ಅಲಗುಗಳನ್ನು ಸುತ್ತಲೂ ಕಟ್ಟಿರುತ್ತದೆ. ಅದು ಮಣ್ಣನ್ನು ನಾಲ್ಕರಿಂದ ಆರು ಅಂಗುಲದವರೆಗೆ ಕದಡಿ ಪುಡಿಮಾಡುತ್ತದೆ. ಆಸ್ಟ್ರೇಲಿಯಾದ ಗಿಲ್ಗಾಂಡ್ರ ಎಂಬಲ್ಲಿ ಆರ್ಥರ್ ಕ್ಲಿಫರ್ಡ್ ಹೊವರ್ಡ್ ಎಂಬ ರೈತನ ಮಗ ೧೯೧೨ರಲ್ಲಿ ಇದರ ಪ್ರಯೋಗಕ್ಕೆ ತೊಡಗಿ, ೧೯೨೦ರಲ್ಲಿ ಪೇಟೆಂಟು ಪಡೆದ. ಇಂಗ್ಲಿಷಿನಲ್ಲಿ ಈ ಹೆಸರನ್ನು ಹಿಂದಿನಿಂದ ಓದಿದರೂ ಅದೇ ಆಗುತ್ತದೆ. ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ. ಇದು ಬಿತ್ತನೆಯ ಹೊಲಕ್ಕೆ, ಗದ್ದೆಗೆ ಹೇಳಿದ್ದು.

ಎರಡನೆಯದು ಸ್ಲಾಷರು, ಅಂದರೆ ಸವರುವ ಯಂತ್ರ. ತಗಡಿನ ದೊಡ್ಡ ಮುಚ್ಚಳದ ಕೆಳಗೆ ಎರಡು ಅಥವಾ ಮೂರು ದಪ್ಪ ಅಲಗುಗಳು ಸೀಲಿಂಗ್ ಫ್ಯಾನಿನಂತೆ ಮಟ್ಟಸವಾಗಿ ತಿರುಗುತ್ತವೆ. ಇದು ಮಣ್ಣನ್ನು ಮುಟ್ಟುವುದಿಲ್ಲ. ನೆಲದಿಂದ ನಾಲ್ಕಾರು ಅಂಗುಲ ಮೇಲೆ ಹುಲ್ಲು ಪೊದೆಗಳನ್ನು ಕತ್ತರಿಸಿ ಅಲ್ಲಿಯೇ ಹರಡಿಬಿಡುತ್ತದೆ. ಟ್ರ್ಯಾಕ್ಟರಿಗೆ ಕಟ್ಟುವ ಇಂಥ ಯಂತ್ರವನ್ನು ಅಮೆರಿಕದ ಅಲಬಾಮದ ಸೆಲ್ಮಾ ಪಟ್ಟಣದಲ್ಲಿ ೧೯೫೧ರಲ್ಲಿ ಮಾರಾಟಕ್ಕೆ ತಂದರು. ಅದಕ್ಕೆ ಇಟ್ಟ ಹೆಸರು ಬುಷ್ ಹಾಗ್, ಅಂದರೆ ಪೊದೆ ತಿನ್ನುವ ಹಂದಿ. ಅಲ್ಲಿಯ ರೈತರು ಯಾರು ತಯಾರಿಸಿದ ಸ್ಲಾಷರನ್ನಾದರೂ ಇಂದಿಗೂ ಆ ಹೆಸರಿನಿಂದಲೇ ಕರೆಯುವುದುಂಟು.

ಮೂರನೆಯದು ಮಲ್ಚರು. ಅಡ್ಡ ದಂಡಕ್ಕೆ ಹತ್ತಾರು ಸಣ್ಣ ಸುತ್ತಿಗೆಗಳು ಜೋಲಾಡುತ್ತಿರುತ್ತವೆ. ಕಬ್ಬಿನ ರವದಿ, ಬಾಳೆಯ ದಿಂಡು, ಮೆಕ್ಕೆಜೋಳದ ದಂಟುಗಳನ್ನು ನುಣ್ಣಗೆ ಚೂರುಮಾಡುತ್ತದೆ. ಕೆಲಸ ಅಚ್ಚುಕಟ್ಟು, ಆದರೆ ಅದೇ ಅಗಲದ ಸ್ಲಾಷರಿಗಿಂತ ತೂಕ ಹೆಚ್ಚು, ಬೆಲೆ ಹೆಚ್ಚು, ಎಳೆಯಲು ಬೇಕಾದ ಶಕ್ತಿಯೂ ಹೆಚ್ಚು.

ನಮ್ಮ ಅಣ್ಣ ಮೊದಲು ಕಳಿಸಿದ್ದು ರೋಟವೇಟರಿನ ಚಿತ್ರ. ಫೋನಿನಲ್ಲಿ ನಡೆದ ಮಾತು ಹೀಗಿತ್ತು:

"ಅಣ್ಣ, ಇದು ಮಣ್ಣು ಕದಡೋದು ಅಲ್ವಾ? ತೆಂಗಿನ ಬೇರಿಗೆ ಪೆಟ್ಟಾಗಲ್ವಾ?"

"ಆಗುತ್ತೆ ಕಣೋ. ಆದ್ರೆ ಕಳೆ ನಿರ್ನಾಮ ಆಗುತ್ತಲ್ಲ."

"ಮೇಲಿನ ಮಣ್ಣು ಸಡಿಲ ಆದ್ಮೇಲೆ ಮಳೆ ಬಂದ್ರೆ?"

ಅತ್ತ ಕಡೆ ಸ್ವಲ್ಪ ಹೊತ್ತು ಮೌನ. "ಹಳ್ಳದ ಪಾಲು" ಎಂದ. ಆಮೇಲೆ, "ಇಳಿಜಾರು ತೋಟ ಅಂತ ನಿಂಗೆ ಇನ್ನೂ ಜ್ಞಾಪಕ ಇದೆಯಲ್ಲ!" ಎಂದು ನಕ್ಕ. ಮರುದಿನ ಸ್ಲಾಷರಿನ ಚಿತ್ರ ಬಂತು.

ತೆಂಗು ಅಡಿಕೆಗಳಿಗೆ ತಾಯಿಬೇರಿಲ್ಲ. ಆಹಾರ ಎಳೆಯುವ ಬೇರಿನ ಗುಂಪು ಹೆಚ್ಚಾಗಿ ಮೇಲಿನ ಪದರದಲ್ಲಿಯೇ ಹರಡಿರುತ್ತದೆ. ವರ್ಷವರ್ಷವೂ ಬುಡದವರೆಗೆ ಕದಡಿದರೆ ಅವಕ್ಕೆ ಗಾಯ. ಸವರಿದ ಹುಲ್ಲು ನೆಲದ ಮೇಲೆಯೇ ಬಿದ್ದರೆ ತೇವ ಆರುವುದು ನಿಧಾನ, ಮಣ್ಣು ಕೊಚ್ಚಿಹೋಗುವುದು ಕಡಮೆ, ಕೊಳೆತಮೇಲೆ ಗೊಬ್ಬರ. ಆದ್ದರಿಂದ ಬಿತ್ತನೆಗೆ ರೋಟವೇಟರು, ತೋಟಕ್ಕೆ ಸ್ಲಾಷರು ಎಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು.

ಆದರೆ ಸ್ಲಾಷರೂ ಮಾಂತ್ರಿಕನಲ್ಲ. ಪಾರ್ಥೇನಿಯಂ ಸವರಿದ ಮೇಲೆ ಬುಡದಿಂದ ಮತ್ತೆ ಚಿಗುರುತ್ತದೆ. ಹೂ ಬಿಡುವ ಮೊದಲೇ ಸವರಬೇಕು, ಬೀಜ ಕಟ್ಟಿದ ಮೇಲೆ ಸವರಿದರೆ ನಾವೇ ಬಿತ್ತಿದಂತೆ. ಇನ್ನೊಂದು ಮಾತನ್ನು ನಮ್ಮ ಅತ್ತಿಗೆ ನೆನಪಿಸಿದರು. ತೋಟದ ಹುಲ್ಲೆಲ್ಲ ಕಳೆಯಲ್ಲ, ಅರ್ಧ ಹಸುವಿನ ಮೇವು. ಎರಡು ಹಸು ಕಟ್ಟಿಕೊಂಡ ಪಕ್ಕದ ಮನೆಯ ಹೆಂಗಸರು ದಿನಾ ಒಂದು ಹೊರೆ ಕೊಯ್ದುಕೊಂಡು ಹೋಗುತ್ತಾರೆ. ಯಂತ್ರ ಇಳಿಸುವ ಮೊದಲು ಅವರಿಗೆ ಒಂದು ವಾರ ಮುಂಚೆ ಹೇಳಿದರೆ ಹುಲ್ಲೂ ಉಪಯೋಗಕ್ಕೆ ಬರುತ್ತದೆ, ನೆರೆಹೊರೆಯೂ ಉಳಿಯುತ್ತದೆ. ಯಂತ್ರದ ಪುಸ್ತಕದಲ್ಲಿ ಈ ಸೂಚನೆ ಇರುವುದಿಲ್ಲ.

ಈಗ ಗುಮಾಸ್ತರ ಪ್ರಶ್ನೆ. ಈ ಯಂತ್ರ ವರ್ಷದಲ್ಲಿ ಎಷ್ಟು ಗಂಟೆ ದುಡಿಯುತ್ತದೆ?

ಐದು ಅಡಿ, ಅಂದರೆ ಒಂದೂವರೆ ಮೀಟರು ಅಗಲದ ಸ್ಲಾಷರು ಗಂಟೆಗೆ ೪ ಕಿಲೋಮೀಟರು ವೇಗದಲ್ಲಿ ಸಾಗಿದರೆ ಲೆಕ್ಕಕ್ಕೆ ೬,೦೦೦ ಚದರ ಮೀಟರು, ಸುಮಾರು ಒಂದೂವರೆ ಎಕರೆ. ತಿರುವು, ಒಂದರ ಮೇಲೊಂದು ಬೀಳುವ ಅಂಚು, ಮರ ಸುತ್ತಿ ಬರುವುದು ಇವನ್ನೆಲ್ಲ ಕಳೆದರೆ ಗಂಟೆಗೆ ಒಂದೆಕರೆಯ ಮೇಲೆ ಸ್ವಲ್ಪ ಎನ್ನಬಹುದು. ನಾಲ್ಕೆಕರೆಗೆ ನಾಲ್ಕು ಗಂಟೆ. ವರ್ಷಕ್ಕೆ ಮೂರು ಸಲ ಸವರಿದರೆ ಹನ್ನೆರಡು ಗಂಟೆ. ವರ್ಷಕ್ಕಿರುವುದು ೮,೭೬೦ ಗಂಟೆ. ಉಳಿದ ೮,೭೪೮ ಗಂಟೆ ಅದು ಕೊಟ್ಟಿಗೆಯ ಪಕ್ಕದಲ್ಲಿ ಕೋಳಿಗಳಿಗೆ ನೆರಳಾಗಿರುತ್ತದೆ. ಸರಕಾರಿ ನೌಕರರ ಮೇಲೆ ಜನ ಹೊರಿಸುವ ಆಪಾದನೆ ಇದಕ್ಕಿಂತ ಲಘುವಾದದ್ದು.

ಹಣದ ಲೆಕ್ಕವನ್ನೂ ನೋಡೋಣ. ಬೆಲೆ ಊರೂರಿಗೆ, ಅಗಲಕ್ಕೆ, ತಯಾರಿಕೆಗೆ ತಕ್ಕಂತೆ ಬೇರೆ. ಲೆಕ್ಕ ಕಲಿಯುವುದಕ್ಕಷ್ಟೇ ಒಂದು ಲಕ್ಷ ರೂಪಾಯಿ ಎಂದು ಹಿಡಿಯೋಣ. ಹತ್ತು ವರ್ಷ ಬಾಳಿಕೆ ಬಂದರೆ ವರ್ಷಕ್ಕೆ ೧೦,೦೦೦ ಸವಕಳಿ. ಬಾಳಿಕೆಯುದ್ದಕ್ಕೂ ಸರಾಸರಿ ಅರ್ಧ ಬೆಲೆ ಅದರಲ್ಲಿ ಸಿಕ್ಕಿಕೊಂಡಿರುತ್ತದೆಂದು ೫೦,೦೦೦ಕ್ಕೆ ನೂರಕ್ಕೆ ೯ರಂತೆ ಬಡ್ಡಿ ೪,೫೦೦. ಎಣ್ಣೆ, ಅಲಗು, ಬೆಸುಗೆ ಎಂದು ೩,೫೦೦. ಒಟ್ಟು ೧೮,೦೦೦. ಇದನ್ನು ಹನ್ನೆರಡು ಗಂಟೆಯಿಂದ ಭಾಗಿಸಿದರೆ ಗಂಟೆಗೆ ೧,೫೦೦ ರೂಪಾಯಿ. ಟ್ರ್ಯಾಕ್ಟರು, ಡೀಸೆಲು, ಚಾಲಕನ ಕೂಲಿ ಇದಕ್ಕೆ ಹೊರತು. ಅದೇ ಯಂತ್ರ ಅಕ್ಕಪಕ್ಕದ ತೋಟಗಳಿಗೂ ಹೋಗಿ ವರ್ಷಕ್ಕೆ ಅರವತ್ತು ಗಂಟೆ ದುಡಿದರೆ? ದುರಸ್ತಿಯ ಖರ್ಚು ೭,೫೦೦ಕ್ಕೆ ಏರಿದರೂ ಒಟ್ಟು ೨೨,೦೦೦. ಗಂಟೆಗೆ ೩೬೭ ರೂಪಾಯಿಯ ಆಸುಪಾಸು. ತಾವು ಕೇಳಿದ ಬೆಲೆಯನ್ನು ಈ ಲೆಕ್ಕದಲ್ಲಿ ಹಾಕಿ, ಊರಿನ ಬಾಡಿಗೆ ದರದೊಡನೆ ಹೋಲಿಸಿ ನೋಡಬೇಕು.

ಇದರಿಂದ ಹೊರಡುವ ಸಾರವಿಷ್ಟೆ: ನಾಲ್ಕೆಕರೆಗೆ ಒಂದು ಮನೆಯವರು ಒಂದು ಸ್ಲಾಷರು ಕೊಳ್ಳುವುದು ದುಬಾರಿ; ನಾಲ್ಕೈದು ಮನೆಯವರು ಸೇರಿದರೆ ಕೈಗೆಟಕುವ ಮಾತು. ಕೊಳ್ಳುವ ಮೊದಲು ಒಂದು ಹಂಗಾಮು ಬಾಡಿಗೆಗೆ ತಂದು ನೋಡುವುದು ಇನ್ನೂ ಜಾಣತನ. ಕರ್ನಾಟಕದಲ್ಲಿ ೨೦೧೪-೧೫ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳ ಉದ್ದೇಶವೇ ಉಪಕರಣಗಳನ್ನು ಬಾಡಿಗೆಗೆ ಕೊಡುವುದು. ತಮ್ಮ ಹೋಬಳಿಯಲ್ಲಿ ಸ್ಲಾಷರು ಸಿಕ್ಕುತ್ತದೆಯೇ ಎಂದು ಅಣ್ಣಂದಿರು ಒಮ್ಮೆ ವಿಚಾರಿಸಲಿ.

ಕೊಳ್ಳುವುದೆಂದೇ ತೀರ್ಮಾನವಾದರೆ ಮೊದಲು ನೋಡತಕ್ಕದ್ದು ಟ್ರ್ಯಾಕ್ಟರಿನ ಶಕ್ತಿ. ಟ್ರ್ಯಾಕ್ಟರಿನ ಹಿಂಭಾಗದಲ್ಲಿ ತಿರುಗುವ ಹಲ್ಲಿನ ದಂಡವೊಂದಿರುತ್ತದೆ, ಅದಕ್ಕೆ ಪಿ.ಟಿ.ಓ. ಎನ್ನುತ್ತಾರೆ. ಸ್ಲಾಷರಿಗೆ ಶಕ್ತಿ ಹೋಗುವುದು ಅದರ ಮೂಲಕ. ಎಂಜಿನ್ನಿನ ಶಕ್ತಿಯೆಲ್ಲ ಅಲ್ಲಿಗೆ ಬರುವುದಿಲ್ಲ. ಸಂಬಳದಲ್ಲಿ ಕಡಿತವಾಗಿ ಕೈಗೆ ಬರುವಂತೆ, ನೂರಕ್ಕೆ ಎಂಬತ್ತೈದರಿಂದ ತೊಂಬತ್ತು ಪಾಲು ಬರುತ್ತದೆ. ೪೫ ಅಶ್ವಶಕ್ತಿಯ ಟ್ರ್ಯಾಕ್ಟರಿನಲ್ಲಿ ಪಿ.ಟಿ.ಓ.ಗೆ ಸಿಕ್ಕುವುದು ೩೮ರಿಂದ ೪೦. ಬರಿಯ ಹುಲ್ಲಾದರೆ ಅಗಲದ ಪ್ರತಿ ಅಡಿಗೆ ಕನಿಷ್ಠ ಐದು ಅಶ್ವಶಕ್ತಿ ಬೇಕು. ಲಂಟಾನದಂತಹ ಗಟ್ಟಿ ಪೊದೆಗೆ ಏಳೆಂಟು. ಹಾಗಾದರೆ ಇಂಥ ಟ್ರ್ಯಾಕ್ಟರಿಗೆ ಪೊದೆಯ ಕೆಲಸಕ್ಕೆ ಐದಡಿ ಸರಿಹೊಂದುತ್ತದೆ. ಏಳಡಿ ಕಟ್ಟಿದರೆ ಎಂಜಿನ್ನು ಏದುಸಿರು ಬಿಡುತ್ತದೆ.

ಅಗಲಕ್ಕೆ ಇನ್ನೊಂದು ಅಳತೆಯುಂಟು. ಸ್ಲಾಷರು ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಹೊರ ಅಂಚನ್ನು ಮುಚ್ಚುವಷ್ಟಾದರೂ ಇದ್ದರೆ ಒಳ್ಳೆಯದು; ಇಲ್ಲದಿದ್ದರೆ ಚಕ್ರ ತುಳಿದ ಹುಲ್ಲು ಮಲಗಿ, ಯಂತ್ರ ಹೋದಮೇಲೆ ಎದ್ದು ನಿಲ್ಲುತ್ತದೆ. ತೋಟದ ಸಾಲನ್ನೂ ಅಳೆಯಬೇಕು. ತೆಂಗಿನ ಸಾಲು ಮೂವತ್ತಡಿ ಅಂತರದ್ದಾದರೆ, ಎರಡೂ ಬದಿಯ ಬುಡದಲ್ಲಿ ಆರಾರು ಅಡಿ ಪಾತಿ ಬಿಟ್ಟು, ಉಳಿಯುವುದು ಹದಿನೆಂಟು ಅಡಿ. ಐದಡಿಯ ಯಂತ್ರಕ್ಕೆ, ಅರ್ಧರ್ಧ ಅಡಿ ಒಂದರ ಮೇಲೊಂದು ಬೀಳುವಂತೆ, ನಾಲ್ಕು ಸಾಲಿನ ಓಡಾಟ. ಪಾತಿಯೊಳಗೆ ಕುಡುಗೋಲೇ ಗತಿ. ತೀರ್ಥಹಳ್ಳಿಯ ಮಿತ್ರರ ಅಡಿಕೆ ತೋಟದ ಮಾತೇ ಬೇರೆ. ಅಡಿಕೆಯ ಅಂತರ ಸಾಮಾನ್ಯವಾಗಿ ಒಂಬತ್ತಡಿ. ನಡುವೆ ಬಸಿಗಾಲುವೆ ಬೇರೆ. ಅಲ್ಲಿ ದೊಡ್ಡ ಟ್ರ್ಯಾಕ್ಟರು ನುಗ್ಗಿಸುವುದು ಮರಕ್ಕೂ ಟ್ರ್ಯಾಕ್ಟರಿಗೂ ಹಿಂಸೆ. ಹೆಗಲಿಗೆ ಹಾಕಿಕೊಂಡು ಸವರುವ ಬ್ರಷ್ ಕಟರೇ ಆ ತೋಟಕ್ಕೆ ತಕ್ಕದ್ದು ಎಂದು ಹೇಳಿದೆವು. ಖರ್ಚು ಬಹಳ ಕಡಮೆಯಾಗುವುದೆಂದು ಕೇಳಿ ಅವರು ಆ ದಿನ ನಮಗೆ ಎರಡನೆಯ ಕಾಫಿ ಕೊಡಿಸಿದರು.

ಇನ್ನು ಯಂತ್ರದ ಒಳಗು. ಅಂಗಡಿಯಲ್ಲಿ ಬಣ್ಣ ಮೇಲಿರುತ್ತದೆ; ಬಗ್ಗಿ ಕೆಳಗೆ ನೋಡಬೇಕು.

ಅಲಗುಗಳು ಬಿಗಿಯಾಗಿ ಕೂತಿರಬಾರದು. ದಪ್ಪ ಬೋಲ್ಟಿನ ಮೇಲೆ ಸಡಿಲವಾಗಿ ತಿರುಗುವಂತಿದ್ದರೆ, ಕಲ್ಲು ಬಡಿದಾಗ ಹಿಂದಕ್ಕೆ ಮಡಚಿಕೊಂಡು ಮತ್ತೆ ನೀಟಾಗುತ್ತವೆ. ಮುಚ್ಚಳದ ತಗಡು ತೆಳ್ಳಗಿದ್ದರೆ ಎರಡು ವರ್ಷದಲ್ಲಿ ಸೀಳುತ್ತದೆ. ನೆಲಕ್ಕೆ ಉಜ್ಜುವ ಪಕ್ಕದ ಪಟ್ಟಿಗಳು ಸವೆದಾಗ ಬಿಚ್ಚಿ ಬದಲಿಸುವಂತಿರಬೇಕು.

ಅಲಗು ಬಂಡೆಗೋ ಬೊಡ್ಡೆಗೋ ತಗುಲಿ ಹಠಾತ್ತಾಗಿ ನಿಂತರೆ ಆ ಪೆಟ್ಟು ಗೇರಿನ ಪೆಟ್ಟಿಗೆಗೂ ಟ್ರ್ಯಾಕ್ಟರಿಗೂ ಬೀಳುತ್ತದೆ. ಅದನ್ನು ತಡೆಯಲು ಎರಡು ಉಪಾಯಗಳುಂಟು. ಒಂದು, ಶಿಯರ್ ಬೋಲ್ಟು. ಬೇಕೆಂದೇ ಮೆದುವಾಗಿ ಮಾಡಿದ ಬೋಲ್ಟು ಮುರಿದು ಉಳಿದದ್ದನ್ನು ಕಾಪಾಡುತ್ತದೆ. ಮುರಿದಾಗ ಅದೇ ಜಾತಿಯ ಬೋಲ್ಟನ್ನೇ ಹಾಕಬೇಕು. ಪದೇ ಪದೇ ಮುರಿಯುತ್ತದೆಂದು ಗಟ್ಟಿ ಬೋಲ್ಟು ಬಿಗಿಯುವುದು, ಮನೆಯ ಫ್ಯೂಸಿಗೆ ದಪ್ಪ ತಂತಿ ಕಟ್ಟಿದಂತೆ. ಇನ್ನೊಂದು ಸ್ಲಿಪ್ ಕ್ಲಚ್ಚು. ಪೆಟ್ಟು ಬಿದ್ದಾಗ ಬಿಲ್ಲೆಗಳು ಜಾರಿಕೊಡುತ್ತವೆ. ಇದರ ಬೆಲೆ ಹೆಚ್ಚು, ಕಲ್ಲಿನ ನೆಲಕ್ಕೆ ಹಿತ. ಆದರೆ ಮಳೆಗಾಲದಲ್ಲಿ ನಿಂತಲ್ಲೇ ನಿಂತರೆ ಬಿಲ್ಲೆಗಳು ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ಹಂಗಾಮಿನ ಮೊದಲಿಗೆ ಸಡಿಲಿಸಿ ಜಾರುತ್ತವೆಯೇ ಎಂದು ನೋಡಬೇಕು.

ಮೂರನೆಯದನ್ನು ಮಾತ್ರ ಕೇಳದೆ ಬಿಡಬಾರದು. ಹಳೆಯ ಟ್ರ್ಯಾಕ್ಟರುಗಳಲ್ಲಿ ಒಂದೇ ಕ್ಲಚ್ಚು ಚಕ್ರವನ್ನೂ ಪಿ.ಟಿ.ಓ.ವನ್ನೂ ಆಳುತ್ತದೆ. ಕ್ಲಚ್ಚು ಒತ್ತಿದರೂ ಸ್ಲಾಷರಿನ ಭಾರವಾದ ಅಲಗುಗಳು ಓಟದಲ್ಲಿರುತ್ತವೆ. ಆ ಓಟ ಹಿಮ್ಮುಖವಾಗಿ ಗೇರಿಗೆ ಬಂದು ಟ್ರ್ಯಾಕ್ಟರನ್ನೇ ಮುಂದಕ್ಕೆ ತಳ್ಳುತ್ತದೆ. ನಿಲ್ಲುತ್ತದೆಂದು ನಂಬಿದ ಟ್ರ್ಯಾಕ್ಟರು ಬದುವಿನ ಕಡೆಗೋ ಬಾವಿಯ ಕಡೆಗೋ ಸರಿದರೆ ಏನು ಗತಿ? ಇದಕ್ಕೆ ಓವರ್‌ರನ್ನಿಂಗ್ ಕ್ಲಚ್ಚು ಎಂಬ ಸಣ್ಣ ಭಾಗವೊಂದನ್ನು ನಡುವೆ ಹಾಕುತ್ತಾರೆ. ಬೈಸಿಕಲ್ಲಿನ ಫ್ರೀವೀಲಿನ ಕೆಲಸವೇ ಅದರದ್ದು: ಪೆಡಲು ನಿಂತರೂ ಚಕ್ರ ತಿರುಗುತ್ತದೆ, ಚಕ್ರ ಪೆಡಲನ್ನು ತಿರುಗಿಸುವುದಿಲ್ಲ. ಮನೆಯಲ್ಲಿ ತಂದೆಯವರ ಕಾಲದ ಟ್ರ್ಯಾಕ್ಟರಿದ್ದರೆ ಇದಿಲ್ಲದೆ ಸ್ಲಾಷರು ಕಟ್ಟಲೇಬಾರದು.

ಈಗ ನಾವು ಬರೆಯಲೇಬೇಕಾದ ಭಾಗ. ಓದುಗರು ಇದನ್ನು ಊರಿಗೆ ಓದಿ ಹೇಳಬೇಕೆಂದು ಪ್ರಾರ್ಥನೆ.

ಪಿ.ಟಿ.ಓ. ದಂಡ ನಿಮಿಷಕ್ಕೆ ೫೪೦ ಸುತ್ತು ತಿರುಗುತ್ತದೆ, ಸೆಕೆಂಡಿಗೆ ಒಂಬತ್ತು. ಏಳು ಸೆಂಟಿಮೀಟರು ದಪ್ಪದ ದಂಡಕ್ಕೆ ಬಟ್ಟೆಯ ತುದಿ ಸಿಕ್ಕಿದರೆ ಒಂದು ಸೆಕೆಂಡಿನಲ್ಲಿ ಸುಮಾರು ಎರಡು ಮೀಟರು ಸುತ್ತಿಕೊಳ್ಳುತ್ತದೆ. ಹೆಗಲ ಮೇಲಿನ ಟವಲು ಹೋಗಲು ಒಂದು ಸೆಕೆಂಡು ಬೇಡ. ಉಟ್ಟ ಪಂಚೆಗೆ ಎರಡು ಸೆಕೆಂಡು. ಕೂಗಿದ್ದು ಚಾಲಕನಿಗೆ ಕೇಳಿ, ಅವನು ತಿರುಗಿ ನೋಡುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಆ ದಂಡದ ಮೇಲೆ ಪ್ಲಾಸ್ಟಿಕ್ಕಿನ ಕೊಳವೆಯೊಂದು ಮುಚ್ಚಿರುತ್ತದೆ. ಗ್ರೀಸು ಹಚ್ಚಲು ಅಡ್ಡಿ ಎಂದು ಅದನ್ನು ಕಿತ್ತು ಬಿಸಾಡುವ ಅಭ್ಯಾಸ ನಮ್ಮ ಕಡೆ ಬಹಳ. ಇಡೀ ಯಂತ್ರದಲ್ಲಿ ಅತ್ಯಂತ ಅಗ್ಗದ ಭಾಗ ಅದು. ಆದರೆ ಜೀವ ಉಳಿಸುವುದು ಅದೇ.

ಅಲಗಿನ ಲೆಕ್ಕವನ್ನೂ ನೋಡಿ. ಗೇರಿನ ಪೆಟ್ಟಿಗೆ ೫೪೦ನ್ನು ೯೦೦ ಸುತ್ತಿಗೆ ಏರಿಸಿತೆಂದರೆ, ಒಂದೂವರೆ ಮೀಟರು ವ್ಯಾಸದಲ್ಲಿ ಅಲಗಿನ ತುದಿಯ ವೇಗ ಸೆಕೆಂಡಿಗೆ ೭೦ ಮೀಟರು. ಗಂಟೆಗೆ ೨೫೦ ಕಿಲೋಮೀಟರು. ನಾವು ಊರಿಗೆ ಹೋಗುವ ಎಕ್ಸ್‌ಪ್ರೆಸ್ಸು ರೈಲಿನ ಸುಮಾರು ಎರಡರಷ್ಟು. ಆ ವೇಗದಲ್ಲಿ ಕಲ್ಲೊಂದು ಸಿಕ್ಕಿದರೆ ಅದು ಗುಂಡು. ಯಂತ್ರದ ಹಿಂದೆ ಮುಂದೆ ಸರಪಳಿಗಳ ಪರದೆ ನೇತಾಡುತ್ತದೆಯೇ ಎಂದು ಕೊಳ್ಳುವಾಗಲೇ ನೋಡಬೇಕು, ಅದು ಅಲಂಕಾರವಲ್ಲ. ಪರದೆಯಿದ್ದರೂ ನೂರು ಮೀಟರಿನೊಳಗೆ ಮಕ್ಕಳು, ದನ, ಹುಲ್ಲು ಕೊಯ್ಯುವವರು ಯಾರೂ ಇರಬಾರದು. ರಜಕ್ಕೆ ಊರಿಗೆ ಹೋದ ನಮ್ಮ ಪಟ್ಟಣದ ಮಕ್ಕಳಿಗೆ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂರುವುದೆಂದರೆ ವಿಮಾನ ಹತ್ತಿದಷ್ಟು ಸಂತೋಷ. ಅವರ ಚಿಕ್ಕಪ್ಪ ದೊಡ್ಡಪ್ಪಂದಿರಿಗೆ "ಇಲ್ಲ" ಎನ್ನಲು ದಾಕ್ಷಿಣ್ಯ. ಆ "ಇಲ್ಲ" ಎಂಬ ಮಾತನ್ನು ತಂದೆತಾಯಿಯರಾದ ನಾವೇ ಪುಣೆ ಬಿಡುವ ಮೊದಲು ಹೇಳಿ ಕರೆದುಕೊಂಡು ಹೋಗಬೇಕು.

ಸವರುವ ಮೊದಲು ತೋಟವನ್ನು ಒಂದು ಸಲ ನಡೆದು ನೋಡುವುದು ಅವಶ್ಯ. ಕಲ್ಲು, ತಂತಿ, ಬಿದ್ದ ಮಟ್ಟೆ ಗರಿಗಳನ್ನು ಆಯಬೇಕು. ಹನಿ ನೀರಾವರಿಯ ಪೈಪುಗಳನ್ನು ಸುತ್ತಿ ಬುಡಕ್ಕೆ ಸೇರಿಸಬೇಕು. ಮರೆತರೆ ಕಳೆಯೊಂದಿಗೆ ಪೈಪೂ ಚೂರಾಗುತ್ತದೆ. ಪಿ.ಟಿ.ಓ. ಬಿಡಿಸಿದ ಮೇಲೂ ಅಲಗು ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಪೂರ್ತಿ ನಿಲ್ಲುವವರೆಗೆ ಯಾರೂ ಹತ್ತಿರ ಹೋಗಕೂಡದು. ಕೆಳಗೆ ಬಗ್ಗಿ ಅಲಗು ಬಿಚ್ಚುವಾಗ ಎಂಜಿನ್ನು ಆರಿಸಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ಯಂತ್ರದ ಕೆಳಗೆ ದಪ್ಪ ಮರದ ದಿಮ್ಮಿಗಳನ್ನು ಕೊಡಬೇಕು. ಅಲಗು ಸಾಣೆ ಹಿಡಿಸುವಾಗ ಎರಡನ್ನೂ ಸಮತೂಕಕ್ಕೆ ಹಿಡಿಸಬೇಕು. ಇಲ್ಲವಾದರೆ ಯಂತ್ರವೆಲ್ಲ ನಡುಗುತ್ತದೆ.

ಕೊಳ್ಳುವ ಹೊತ್ತಿನ ಎರಡು ಮಾತು. ಮಧ್ಯಪ್ರದೇಶದ ಬುಧ್ನಿಯಲ್ಲಿ ೧೯೫೫ರಿಂದ ಕೇಂದ್ರ ಸರಕಾರದ ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯೊಂದಿದೆ. ದಕ್ಷಿಣದವರಿಗೆ ಹತ್ತಿರವಾದದ್ದು ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಮಾರುವವನ ಬಾಯಿಮಾತಿಗಿಂತ ಪರೀಕ್ಷೆಯ ವರದಿ ಇದೆಯೇ ಎಂದು ಕೇಳುವುದು ಲೇಸು. ಅಲಗು, ಬೋಲ್ಟು, ಆಯಿಲ್ ಸೀಲು ತಾಲೂಕು ಪೇಟೆಯಲ್ಲಿ ಸಿಕ್ಕುತ್ತವೆಯೇ? ಸಿಕ್ಕದಿದ್ದರೆ ಅಗ್ಗದ ಯಂತ್ರ ದುಬಾರಿಯಾಗುತ್ತದೆ. ಹಣ ಕೊಡುವ ಮೊದಲು ನಮ್ಮ ತೋಟದಲ್ಲಿಯೇ, ನಮ್ಮ ಟ್ರ್ಯಾಕ್ಟರಿಗೇ ಕಟ್ಟಿ ಅರ್ಧ ಗಂಟೆ ಓಡಿಸಿ ತೋರಿಸೆಂದು ಕೇಳಲು ಸಂಕೋಚ ಬೇಡ. ಯಂತ್ರ ಎತ್ತಿದಾಗ ಟ್ರ್ಯಾಕ್ಟರಿನ ಮೂತಿ ಹಗುರಾಗಿ ಸ್ಟಿಯರಿಂಗು ಹಿಡಿತಕ್ಕೆ ಬಾರದಿದ್ದರೆ ಮುಂದೆ ತೂಕ ಕಟ್ಟಬೇಕು. ಅದೂ ಆಗಲೇ ಗೊತ್ತಾಗುತ್ತದೆ.

ಸಹಾಯಧನ ಕೇಳುವವರು ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಮಂಜೂರಾತಿ ಬಂದ ಮೇಲೆ ಕೊಳ್ಳಲಿ. ಮೊದಲೇ ಕೊಂಡರೆ ಕೈತಪ್ಪುವ ಸಂಭವ ಉಂಟು. ಅಲ್ಲಿ ಪಹಣಿ ಕೇಳುತ್ತಾರೆ. ನಮ್ಮಲ್ಲಿ ಎಷ್ಟು ಮನೆಗಳ ಪಹಣಿ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲಿಯೇ ಉಳಿದಿದೆ! ಪೌತಿ ಖಾತೆ ಮಾಡಿಸಿಕೊಳ್ಳಲು ಎಲ್ಲ ವಾರಸುದಾರರೂ ಬೇಕು. ಊರಿನಲ್ಲಿರುವ ಅಣ್ಣ ಕಾಗದ ಹಿಡಿದು ನಿಂತಿರುತ್ತಾನೆ, ಪರವೂರಿನ ತಮ್ಮಂದಿರಿಗೆ ರಜೆ ಸಿಕ್ಕಿರುವುದಿಲ್ಲ. ಹಣ ಕಳಿಸುವುದಕ್ಕಿಂತ ಎರಡು ದಿನ ರಜ ಹಾಕಿ ಹೋಗಿ ಸಹಿ ಮಾಡಿ ಬರುವುದು ಎಷ್ಟೋ ವೇಳೆ ದೊಡ್ಡ ಸಹಾಯ.

ಉಳಿದದ್ದು ದಾಕ್ಷಿಣ್ಯದ ಪ್ರಶ್ನೆ. ಹಣ ಕಳಿಸುವವರಿಗೆ ತಾವೇ ಆರಿಸಬೇಕೆಂಬ ಚಪಲ ಸಹಜ. ಆದರೆ ಯಂತ್ರದ ಮುಂದೆ ಕೂರುವವನು ಅಣ್ಣನ ಮಗ. ನೆಲದ ಏರುತಗ್ಗು ಬಲ್ಲವನು ಅಣ್ಣ. ಬಣ್ಣ, ತಯಾರಿಕೆ, ಅಂಗಡಿ ಎಲ್ಲ ಅವರ ಇಷ್ಟ. ನಾವು ಕೇಳಬಹುದಾದದ್ದು ಎರಡೇ: ಲೆಕ್ಕ ಒಮ್ಮೆ ಒಟ್ಟಿಗೆ ಹಾಕಿ ನೋಡೋಣ, ಮತ್ತು ದಂಡದ ಮುಚ್ಚಳ, ಸರಪಳಿಯ ಪರದೆ ಇಲ್ಲದ ಯಂತ್ರ ಬೇಡ. ಮೊದಲನೆಯದರಲ್ಲಿ ರಾಜಿಯಾಗಬಹುದು, ಅಣ್ಣನಿಗೆ ತನ್ನದೇ ಯಂತ್ರ ಬೇಕೆಂಬ ಆಸೆಗೂ ಒಂದು ಬೆಲೆಯುಂಟು, ಇಪ್ಪತ್ತು ವರ್ಷ ತೋಟ ಕಾದವನು ಅದನ್ನು ಸಂಪಾದಿಸಿದ್ದಾನೆ. ಎರಡನೆಯದರಲ್ಲಿ ರಾಜಿಯಿಲ್ಲ. ನಮ್ಮ ಮನೆಯಲ್ಲಿ ಹೀಗೆಯೇ ತೀರ್ಮಾನವಾಯಿತು: ಪಕ್ಕದ ಮೂರು ತೋಟದವರೊಡನೆ ಸೇರಿ ಐದಡಿಯ ಸ್ಲಾಷರು, ಸ್ಲಿಪ್ ಕ್ಲಚ್ಚಿನದು. ಆ ಮೂವರಲ್ಲಿ ಒಬ್ಬರೊಡನೆ ಬದುವಿನ ವಿಷಯಕ್ಕೆ ಆರು ವರ್ಷದಿಂದ ಮಾತಿರಲಿಲ್ಲ. ಈಗ ಯಂತ್ರದ ಸರದಿ ಗೊತ್ತುಮಾಡಲಿಕ್ಕಾದರೂ ಮಾತಾಡುತ್ತಿದ್ದಾರೆ.

ಮುಂದಿನ ಸಂಚಿಕೆಯಲ್ಲಿ ಪೌತಿ ಖಾತೆಯ ವಿಷಯವನ್ನೇ ವಿವರವಾಗಿ ಬರೆಯಬೇಕೆಂದಿದ್ದೇವೆ. ಈ ಬಗ್ಗೆ ಅನುಭವವುಳ್ಳ ಸದಸ್ಯರು ದಯವಿಟ್ಟು ಸಂಘದ ಕಚೇರಿಗೆ ನಾಲ್ಕು ಸಾಲು ಬರೆದು ತಿಳಿಸಬೇಕು.